ಗಾಡಿಯ ಮಂಡಿನೋವು

ಮನೇಲಿ ಒಂದು ಹಳೇ ಬೈಕು, ಅದಕ್ಕಿಂತ ಹಳೇ ಗಂಡ, ಎರಡೂ ಇದ್ದರೆ ನಗೋಕೆ ಊರು ಸುತ್ತಬೇಕಾಗಿಲ್ಲ. ಹೊಸ್ತಿಲ ಮೇಲೆ ಕೂತರೆ ಸಾಕು, ಏನಾದ್ರೂ ಒಂದು ಆಗ್ತಾನೇ ಇರುತ್ತೆ.

ನನ್ನ ಅಕ್ಕ ಇರೋದು ಕೆ.ಆರ್. ಪುರದಲ್ಲಿ. ಸೊಂಟ ಮುರಿದ ಮೇಲೆ ಮಂಚ ಬಿಟ್ಟು ಏಳೋ ಹಾಗಿಲ್ಲ. ಭಾನುವಾರ ಬಂತು ಅಂದ್ರೆ ನಮ್ಮವರು ಗಾಡಿ ಹೊರಗೆ ತೆಗೀತಾರೆ, ನಾನು ಊಟದ ಕ್ಯಾರಿಯರ್ ತೊಡೆ ಮೇಲಿಟ್ಕೊಂಡು ಹಿಂದೆ ಕೂರ್ತೀನಿ, ಹಲಸೂರಿಂದ ಟಿನ್ ಫ್ಯಾಕ್ಟರಿ ಸರ್ಕಲ್‌ನ ಟ್ರಾಫಿಕ್ ದಾಟಿ ಅಲ್ಲೀತನಕ ಹೋಗಿ ಬರ್ತೀವಿ. ಆದ್ರೆ ಗಾಡಿಯ ಮುಂದಿನ ಶಾಕ್ ಅಬ್ಸಾರ್ಬರ್ ಸೋತುಹೋಗಿತ್ತು. ಗುಂಡಿಗೆ ಇಳಿದ್ರೆ ಏಟು ನೇರ ಅವರ ಬಲಗೈ ಮಣಿಕಟ್ಟಿಗೆ. ಆ ಕೈ ಹೋದ ವರ್ಷ ಮುರಿದು ಕೂಡಿದ್ದು. ಮನೆಗೆ ಬಂದು ಕಾಫಿ ಲೋಟ ಹಿಡಿದ್ರೆ ಅರ್ಧ ಕಾಫಿ ನೆಲಕ್ಕೆ. ಒಂದಿನ ಮಗ ಅದನ್ನ ನೋಡ್ಬಿಟ್ಟ.

"ಅಪ್ಪಾ, ಸಾಕು. ಗಾಡಿ ಮಾರ್ಬಿಡೋಣ. ದೊಡ್ಡಮ್ಮನ ಮನೆಗೆ ನಾನು ಕಾರಲ್ಲಿ ಕರ್ಕೊಂಡ್ ಹೋಗ್ತೀನಿ."

"ಯಾವಾಗಪ್ಪಾ?" ಅಂದೆ.

"ಪುರುಸೊತ್ತಾದಾಗ."

ಪುರುಸೊತ್ತು ಅನ್ನೋದು ನನ್ನ ಮಗನ ಮನೆಗೆ ಯಾವತ್ತೂ ಬರದ ನೆಂಟ. ಅವನನ್ನ ನಂಬಿದ್ರೆ ಅಕ್ಕನ ಮುಖ ನೋಡ್ದಂಗೇ! ಕೊನೆಗೆ ಅಪ್ಪ-ಮಗ ಒಂದು ಮಾತಿಗೆ ಬಂದ್ರು. ಮುಂದಿನ ಶಾಕ್ ಸರಿ ಮಾಡಿಸೋದು. ಕೆ.ಆರ್. ಪುರದ ತನಕ ಓಡಿಸಿ, ಅಕ್ಕನ ಮನೇಲಿ ತುಂಬಿದ ಲೋಟ ಕಾಫಿ ಚೆಲ್ಲದೆ ಕುಡಿದ್ರೆ ಗಾಡಿ ಉಳೀತು. ಚೆಲ್ಲಿದ್ರೆ ಹೋಯ್ತು.

ಮಂಡಿ

ಶಿವಾಜಿನಗರದ ನಮ್ಮ ಮೆಕ್ಯಾನಿಕ್ ಭಾಯಿ ಹ್ಯಾಂಡಲ್ ಹಿಡಿದು ಒಂದ್ಸಲ ಒತ್ತಿದ. ಗಾಡಿ ಟಣ್ ಅಂತ ತಳಕ್ಕೆ ಬಡಿದು, ಕಪ್ಪೆ ಹಾಗೆ ಮೇಲೆ ನೆಗೆದು, ಆಮೇಲೂ ಕುಣೀತಾನೇ ಇತ್ತು.

"ನೋಡಿ ಅಮ್ಮಾ, ಸ್ಪ್ರಿಂಗ್ ಇರೋದು ಏಟು ತಗೊಳ್ಳೋಕೆ. ಎಣ್ಣೆ ಇರೋದು ಆ ಸ್ಪ್ರಿಂಗ್‌ನ ಕುಣಿಯೋಕೆ ಬಿಡದೆ ಮೆಲ್ಲಗೆ ಕೂರಿಸೋಕೆ. ಇದ್ರಲ್ಲಿ ಸ್ಪ್ರಿಂಗೂ ಸುಸ್ತು, ಎಣ್ಣೇನೂ ನೀರು."

ಓದು ಬರಹ ಇಲ್ಲದ ನನಗೂ ಅದು ಅರ್ಥ ಆಯ್ತು. ಸಂಸಾರಾನೂ ಹಾಗೇ ಅಲ್ವಾ? ಒಬ್ಬರು ಎಗರ್ತಾರೆ, ಇನ್ನೊಬ್ಬರು ತಡೆದು ಕೂರಿಸ್ತಾರೆ.

"ನನ್ನ ಮಂಡಿಗೂ ಡಾಕ್ಟರು ಇದೇ ಹೇಳಿದ್ರಪ್ಪಾ. ಬದಲಾಯಿಸಬೇಕಂತೆ," ಅಂದೆ.

ಭಾಯಿ ನಿಟ್ಟುಸಿರು ಬಿಟ್ಟ. "ನೀವು ಪುಣ್ಯವಂತರು ಅಮ್ಮಾ. ನಿಮ್ಮ ಮಂಡಿಗೆ ಸ್ಪೇರ್ ಪಾರ್ಟ್ ಸಿಗುತ್ತೆ. ಇದಕ್ಕೆ ಇಡೀ ಶಿವಾಜಿನಗರ ಹುಡುಕಿದ್ರೂ ಸಿಗಲ್ಲ."

ಹರಳೆಣ್ಣೆ

ಅಂತೂ ಅವನೇ ಎಲ್ಲೋ ಹೇಳಿ ಹೊಸ ಸ್ಪ್ರಿಂಗ್ ಸುತ್ತಿಸಿ ತಂದು, ಹೊಸ ಎಣ್ಣೆ ಹಾಕಿ ಕೊಟ್ಟ. ನಮ್ಮವರಿಗೆ ಸಮಾಧಾನ ಇಲ್ಲ. "ಇನ್ನೂ ಒಂಚೂರು ಕುಣೀತಿದೆ ಕಣೇ. ಎಣ್ಣೆ ಇನ್ನೂ ಗಟ್ಟಿ ಬೇಕಿತ್ತು." ರಂಜಾನ್ ಹಬ್ಬ, ಭಾಯಿ ಅಂಗಡಿ ಬಾಗಿಲು ಹಾಕಿತ್ತು. ಇವರು ಕಾಯೋ ಜೀವಾನಾ? ಹೊಸ ಎಣ್ಣೆ ಇಳಿಸಿ, ನಾನು ತಲೆಗೆ ಅಂತ ಇಟ್ಟಿದ್ದ ಹರಳೆಣ್ಣೇನ ಪೂರ್ತಿ ಸುರಿದ್ರು.

ಹಲಸೂರು ಕೆರೆ ಪಕ್ಕದ ಮೊದಲ ಹಂಪ್‌ಗೆ ಗಾಡಿ ತಲೆ ಬಗ್ಗಿಸ್ತು. ಏಳಲಿಲ್ಲ. ಮುಂದಿನ ಹಂಪ್‌ಗೆ ಇನ್ನಷ್ಟು ಬಗ್ಗಿತು. ದಾರೀಲಿ ಬಂದ ಗುಡಿ, ಚರ್ಚು, ದರ್ಗಾ ಒಂದನ್ನೂ ಬಿಡದೆ ನಮಸ್ಕಾರ ಹಾಕ್ಕೊಂಡು ಹೋದ್ವಿ. ನಾನು ಅವರ ಬೆನ್ನ ಮೇಲೆ ಜಾರಿ ಜಾರಿ ಬಿದ್ದೆ.

ಹಬ್ಬ ಮುಗಿಸಿ ಬಂದ ಭಾಯಿ ಬಿಚ್ಚಿ ಮೂಸಿ ನೋಡಿದ. "ಸಾರ್, ಹರಳೆಣ್ಣೆ ಕುಡಿಸಿದ್ರೆ ಎಲ್ಲಾ ಇಳಿಯುತ್ತೆ. ಏಳುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

ಹೋಗದೆ ಬಂದದ್ದು

ನಮ್ಮ ಮಹಡಿ ಮೇಲೆ ಬಾಡಿಗೆಗೆ ಧಾರವಾಡದ ಕಡೆಯ ಹುಡುಗಿ ಇದ್ದಾಳೆ. ದೊಡ್ಡನೆಕ್ಕುಂದಿಯ ಕಂಪನೀಲಿ ಯಂತ್ರಗಳ ನಕ್ಷೆ ಮಾಡೋ ಕೆಲಸ. ಅವಳು ಗಾಡಿ ನೋಡಿ, "ನೀವಿಬ್ರೂ ಕುಂತಾಗ ಮುಂದ ಎಷ್ಟ್ ಕುಗ್ತದ ಅಂತ ಅಳೀಬೇಕ್ರಿ," ಅಂದಳು. ಮುಂದಿನ ಶಾಕ್ ಕಾಲಿಗೆ ವೈರು ಕಟ್ಟೋ ಪ್ಲಾಸ್ಟಿಕ್ ಪಟ್ಟಿಯೊಂದನ್ನ ಬಿಗಿದಳು. ಗಾಡಿ ಕುಗ್ಗಿದಷ್ಟೂ ಅದು ಮೇಲೆ ಸರಿಯುತ್ತಂತೆ.

"ಅಜ್ಜೀ, ಭಾನುವಾರ ಹೆಂಗ ಹೋಗ್ತೀರೋ ಹಂಗ ಕುಂದರ್ರಿ. ಭಾರ ಕರೆಕ್ಟ್ ಇರ್ಬೇಕು."

ಸರಿ, ಸೀರೆ ಉಟ್ಟು, ಹೂ ಮುಡಿದು, ತುಂಬಿದ ಕ್ಯಾರಿಯರ್ ಹಿಡಿದು, ಅಂಗಳದಲ್ಲೇ ನಿಂತ ಗಾಡಿ ಮೇಲೆ ಕೂತೆ. ಹೂವಿನ ಭಾರ ಎಷ್ಟಿರುತ್ತೆ ಅಂತ ನಮ್ಮವರು ಗೊಣಗಿದ್ರು. ಎದುರುಮನೆ ತಮಿಳಮ್ಮ ಬಾಗಿಲಲ್ಲಿ ನಿಂತು, "ಎಲ್ಲಿಗೆ ಹೊರಟ್ರಿ ಅಕ್ಕಾ?" ಅಂದಳು.

"ಕೆ.ಆರ್. ಪುರಕ್ಕೆ ಹೋದ ಹಾಗೆ," ಅಂದೆ.

ಅವಳು ತರಕಾರಿಗೆ ಹೋದಳು. ನಾವು ಇಳಿದ್ವಿ, ಹತ್ತಿದ್ವಿ, ಹುಡುಗಿ ಅಳೆದಳು. ಸ್ಪ್ರಿಂಗ್ ಮೇಲೆ ಒಂದು ತುಂಡು ಪೈಪು ಇಟ್ಟರೆ ಇಷ್ಟು ಕುಗ್ಗಲ್ಲ ಅಂದಳು. ಅಷ್ಟರಲ್ಲಿ ಎದುರುಮನೆಯವಳು ಚೀಲ ತುಂಬಿಸ್ಕೊಂಡು ವಾಪಸ್ಸು ಬಂದಳು. ನಾವು ಅದೇ ಜಾಗದಲ್ಲಿ, ಅದೇ ಗಾಡಿ ಮೇಲೆ.

"ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ? ಟಿನ್ ಫ್ಯಾಕ್ಟರೀಲಿ ಟ್ರಾಫಿಕ್ ಇರ್ಲಿಲ್ವಾ?"

ಲೋಟ

ಭಾಯಿ ಪೈಪಿನ ತುಂಡು ಇಟ್ಟ, ಸರಿಯಾದ ಎಣ್ಣೆ ಹಾಕಿದ. ಭಾನುವಾರ ಹೊರಟ್ವಿ. ಮಗ ಹಿಂದೆ ಕಾರಲ್ಲಿ, ಸಾಕ್ಷಿಗೆ.

ಟಿನ್ ಫ್ಯಾಕ್ಟರಿ ಹತ್ತಿರ ರಸ್ತೆ ಮೊದಲಿನ ಹಾಗೇ ಇತ್ತು, ಗುಂಡಿಗಳೂ ಅವೇ. ಆದ್ರೆ ಗಾಡಿ ಮೆಲ್ಲಗೆ ಇಳಿದು ಮೆಲ್ಲಗೆ ಏಳ್ತಿತ್ತು. ಗುಂಡಿ ಇಲ್ಲದ ರಸ್ತೆ ನನ್ನ ಕಾಲಕ್ಕಂತೂ ಬರಲ್ಲ. ಹೀಗೆ ಇಳಿದು ಏಳೋದು ಕಲಿತ್ರೆ ಸಾಕು ಅನ್ನಿಸ್ತು. ಬಾಯಲ್ಲಿ ಮಾತ್ರ ದೇವರನಾಮ: ಕೈ ನಡುಗದಿರಲಿ, ಕೈ ನಡುಗದಿರಲಿ.

ಅಕ್ಕನ ಸೊಸೆ ಎಲ್ಲರಿಗೂ ಅಂಚಿನವರೆಗೆ ತುಂಬಿಸಿ ಕಾಫಿ ತಂದಳು. ಪಂದ್ಯದ ವಿಷಯ ಫೋನಲ್ಲೇ ಕೇಳಿದ್ದ ಅಕ್ಕ ದಿಂಬಿಗೆ ಒರಗಿ ಎದ್ದು ಕೂತಳು. ನಮ್ಮವರು ಬಲಗೈಲೇ ಲೋಟ ಎತ್ತಿದ್ರು. ಲೋಟ ಬಾಯಿ ಮುಟ್ಟಿತು. ಕುಡಿದ್ರು. ಒಂದು ಹನಿ ಬೀಳಲಿಲ್ಲ.

ಆಗಲೇ ಪಕ್ಕದಲ್ಲಿ "ಅಯ್ಯಯ್ಯೋ!" ಅಂತ ಕೂಗು. ನೋಡಿದ್ರೆ ಮಗನ ಬಿಳೀ ಷರ್ಟ್ ಮೇಲೆಲ್ಲ ಕಾಫಿ. ಕೈ ಗಡಗಡ ನಡುಗ್ತಿದೆ.

"ಯಾಕೋ, ಏನಾಯ್ತೋ?"

"ದಾರಿಯುದ್ದ ನಿಮ್ಮ ಹಿಂದೇನೇ ಬಂದೆನಲ್ಲಮ್ಮಾ. ಬಸ್ಸು ಪಕ್ಕ ಬಂದಾಗಲೆಲ್ಲ ಅಪ್ಪ ಏನಾಗ್ತಾರೋ ಅಂತ ಸ್ಟೀರಿಂಗ್ ಗಟ್ಟಿ ಹಿಡಿದು ಹಿಡಿದು..."

ನಮ್ಮವರು ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಗಿಟ್ಟರು.

ಮಂಚದ ಮೇಲಿಂದ ಅಕ್ಕ ಬಾಯಿ ಬಿಟ್ಟಳು. "ಕಾಫಿ ಚೆಲ್ಲಿದವರ ಗಾಡಿ ಮಾರೋದು ಅಂತ ತಾನೇ ಕಣೋ ನಿನ್ನ ಮಾತು? ಹೇಳು, ಆ ಕಾರು ಯಾವಾಗ ಮಾರ್ತೀಯ?"