ಭಾವ ನಂಬದ ಫ್ರಾನ್ಸ್

ನಮ್ಮ ಭಾವ ಕನ್ನಡಿಯ ಮುಂದೆ ನಿಂತರೂ ಎದುರಿಗಿರುವವನ ಇಕಾಮಾ, ಅಂದರೆ ವಾಸದ ಪರವಾನಗಿ, ಕೇಳುವ ಆಸಾಮಿ! ಉತ್ಪ್ರೇಕ್ಷೆ ಅನ್ನುತ್ತೀರಾ? ಹಾಗಾದರೆ ನೀವು ಅವರ ಜೊತೆ ಕುವೈತಿನ ರಾಯ್ ಬಡಾವಣೆಯ ಶೋರೂಮಿಗೆ ಫ್ರಿಜ್ ಕೊಳ್ಳಲು ಹೋಗಿಲ್ಲ. ಹೊಚ್ಚಹೊಸ ಫ್ರಿಜ್ಜಿನೊಳಗೆ ತಲೆ ತೂರಿಸಿ ಮೂಸಿ, "ಯಾರೋ ಇದ್ರಲ್ಲಿ ಮೀನಿಟ್ಟಿದ್ರು ಕಣೋ" ಎಂದರು. ಪಾಪ, ಮಾರುವವನಿಗೂ ಅನುಮಾನ ಬಂದು ತಾನೂ ತಲೆ ತೂರಿಸಿದ!

ಇಂಥವರನ್ನು ಕಟ್ಟಿಕೊಂಡು ಒಂದು ಬೇಸಿಗೆಯಲ್ಲಿ ಕುವೈತಿನಿಂದ ಫ್ರಾನ್ಸಿನ ಹಳೆಯ ಅರಮನೆಗಳನ್ನು ನೋಡಲು ಹೊರಟೆವು. ಅಕ್ಕ, ಭಾವ, ನಾನು, ನನ್ನ ಹೆಂಡತಿ. ಜೊತೆಗೆ ಕುವೈತ್ ನಗರದ ಮಿರ್ಕಾಬ್ ಪ್ರದೇಶದ ನನ್ನ ಆಫೀಸಿನಲ್ಲೇ ಇದ್ದ ಮಂಗಳೂರಿನ ವಾಲ್ಟರ್ ಮತ್ತವನ ಹೆಂಡತಿ. ಭಾವ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಸೇಫ್ಟಿ ಇಂಜಿನಿಯರ್. ಅಲ್ಲಿ ಅನುಮಾನಪಡುವುದಕ್ಕೆ ಸಂಬಳ ಕೊಡುತ್ತಾರೆ. ಉಳಿದ ಕಡೆ ಅವರದು ಧರ್ಮಾರ್ಥ ಸೇವೆ!

ಮೊದಲ ಅರಮನೆಯಲ್ಲಿ ರಾಜನ ಮಂಚ ಗಿಡ್ಡವಾಗಿತ್ತು. ಆ ಕಾಲದವರು ದಿಂಬಿಗೊರಗಿ ಕೂತೇ ಮಲಗುತ್ತಿದ್ದರೆಂದು ಗೈಡ್ ವಿವರಿಸಿದಳು.

"ಇಷ್ಟು ದೊಡ್ಡ ಮನೆ ಕಟ್ಟಿಸ್ದೋನು ಕಾಲು ಚಾಚೋಕೆ ಜಾಗ ಇಲ್ದೆ ಕೂತ್ಕೊಂಡು ಮಲಗ್ತಿದ್ನಾ? ಮಂಚ ಬದಲಾಯ್ಸಿದಾರೆ ಕಣೋ. ಅಸಲಿ ಯಾರ ಮನೆ ಸೇರಿದೆಯೋ!" ಎಂದರು ಭಾವ.

"ಮಲಗಿದ ರಾಜನೇ ಕಂಪ್ಲೇಂಟ್ ಕೊಡ್ಲಿಲ್ಲ ಮಾರಾಯ್ರೆ, ನಿಮಗೆಂತ ಮಂಡೆಬಿಸಿ?" ಎಂದ ವಾಲ್ಟರ್.

ಎರಡನೆಯದರಲ್ಲಿ ಯಾವುದೋ ರಾಣಿಯ ಚಿತ್ರ. ಎತ್ತ ಸರಿದರೂ ಅವಳ ಕಣ್ಣು ನಮ್ಮ ಮೇಲೇ! ಭಾವ ತಿಂಡಿಯ ಚೀಲವನ್ನು ಎದೆಗವಚಿಕೊಂಡರು. "ಹಿಂದೆ ಯಾರೋ ನಿಂತು ನೋಡ್ತಿದಾರೆ."

"ಸತ್ತು ಮಣ್ಣಾದ ರಾಣಿ ಬಂದು ನಿಮ್ಮ ಚಪಾತಿ ಕದೀತಾಳೇನ್ರೀ?" ಅಕ್ಕ ಗದರಿದಳು. ನಾವು ನಕ್ಕ ಗದ್ದಲಕ್ಕೆ ಅಲ್ಲಿನ ಕಾವಲುಗಾರ ನಮ್ಮ ಬೆನ್ನಿಗೇ ಬಿದ್ದ. ಭಾವನಿಗೆ ಪರಮಾನಂದ! "ನೋಡ್ದ್ಯಾ? ನಾನು ಹೇಳ್ಲಿಲ್ವಾ?"

ಮೂರನೆಯ ಅರಮನೆಯ ನಟ್ಟನಡುವೆ ಒಂದು ಸೋಜಿಗವಿತ್ತು: ಒಂದನ್ನೊಂದು ಸುತ್ತಿಕೊಂಡು ಏರುವ ಜೋಡಿ ಮೆಟ್ಟಿಲು. ಒಂದರಲ್ಲಿ ಹತ್ತುವವರಿಗೆ ಇನ್ನೊಂದರಲ್ಲಿರುವವರು ಕಿಂಡಿಗಳಲ್ಲಿ ಕಾಣುತ್ತಾರೆ, ಆದರೆ ಎದುರಾಗುವುದಿಲ್ಲ. ಎರಡೂ ಹೋಗುವುದು ಒಂದೇ ಕಡೆಗೆ ಎಂದಳು ಗೈಡ್.

"ಹೆಂಗಸರು ಅದ್ರಲ್ಲಿ, ನಾವು ಇದ್ರಲ್ಲಿ. ಯಲ್ಲಾ, ಹೊರಡಿ!" ವಾಲ್ಟರ್ ಹುರಿದುಂಬಿಸಿದ. ಅಕ್ಕ ಮೆಟ್ಟಿಲಿಗೆ ಕಾಲಿಟ್ಟಿದ್ದಳಷ್ಟೆ, ಭಾವ ಧಾವಿಸಿ ಅವಳ ಕೈ ಹಿಡಿದರು.

"ಬೇಡ."

"ಏನು ಭಾವ, ಮೆಟ್ಟಿಲೂ ನಕಲಿನಾ?" ಎಂದೆ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತ್ತು.

"ತೊಂಬತ್ತರಲ್ಲಿ ಇರಾಕಿನವರು ಬಂದಾಗ ಕುವೈತ್ ಬಿಟ್ಟು ಹೊರಟ್ವಲ್ಲ," ಅಕ್ಕ ಮೆಲ್ಲಗೆ ಹೇಳಿದಳು, "ಹೆಂಗಸರಿಗೆ ಒಂದು ಬಸ್ಸು, ಗಂಡಸರಿಗೆ ಇನ್ನೊಂದು. ಎರಡೂ ಒಂದೇ ಕಡೆ ಹೋಗೋದು, ಹತ್ತಿ ಹತ್ತಿ ಅಂದ ಅಲ್ಲೊಬ್ಬ. ಇವರು ನಂಬಿ ನನ್ನ ಹತ್ತಿಸಿದ್ರು. ಇವರ ಬಸ್ಸು ಇನ್ನೆಲ್ಲಿಗೋ ಹೋಯ್ತು. ಜೋರ್ಡಾನಿನ ಮರಳಲ್ಲಿ ಕಣ್ಣು ಹಾಯೋವರೆಗೂ ಡೇರೆ. ಒಂದೊಂದರೊಳಗೂ ಬಗ್ಗಿ ನನ್ನ ಹೆಸರು ಕೂಗ್ತಾ ಬಂದ್ರು ಕಣೋ. ಕೊನೆಗೆ ನಾನು ಸಿಕ್ಕಾಗ ಇವರಿಗೆ ಸ್ವರವೇ ಇರ್ಲಿಲ್ಲ."

ಆಗ ಊರಿನಲ್ಲಿದ್ದ ನನಗೆ ಇಬ್ಬರೂ ಕ್ಷೇಮವಾಗಿ ಬಂದರು ಅನ್ನುವುದಷ್ಟೇ ಗೊತ್ತಿತ್ತು.

ಭಾವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಕೈ ಮಾತ್ರ ಅಕ್ಕನ ಕೈಯಲ್ಲಿ. ವಾಲ್ಟರ್ ತನ್ನ ಹೆಂಡತಿಯನ್ನು ಈ ಕಡೆಗೆ ಕರೆದು, "ಎಲ್ಲರೂ ಒಂದ್ರಲ್ಲೇ ಹೋಗುವಾ, ಆಯ್ತಾ?" ಎಂದ.

ಹೋದೆವು. ಅವರಿಬ್ಬರು ಮುಂದೆ, ನಾವು ಹಿಂದೆ. ಮೇಲೆ ತಾರಸಿಯಲ್ಲಿ ಬಿಸಿಲು, ಗಾಳಿ, ಕಿಕ್ಕಿರಿದ ಜನ. ಅಷ್ಟು ಜನರ ಎದುರಿಗೂ ಭಾವ ಕೈ ಬಿಡಲಿಲ್ಲ. ಅಕ್ಕನೂ ಬಿಡಿಸಿಕೊಳ್ಳಲಿಲ್ಲ.