ಕರೆಂಟಿಲ್ಲದ ಒಲೆಯಿಂದ ಬಿಸಿ ಬನ್ ತಿಂದ ಸಚಿವರಿಗೆ

ಉದ್ಯಮ ಮತ್ತು ಇಂಧನ ಸಚಿವರಾದ ಶ್ರೀ ರೋಡೆರಿಕ್ ಫಾನ್‌ಶಾ ಅವರ ಸನ್ನಿಧಾನಕ್ಕೆ, ಲಂಡನ್.

ಮಾನ್ಯರೇ,

ನಾರ್ತಂಬರ್‌ಲ್ಯಾಂಡಿನ ಬ್ಲೆಂಕ್‌ಹೋಪ್ ಕಣಿವೆಯ ಸಮಸ್ತ ಜನರ, ಅವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿರುವ ಕುರಿಗಳ ಮತ್ತು ಒಂದು ಹೊಚ್ಚ ಹೊಸ ಆದರೆ ತಣ್ಣಗಿರುವ ಒಲೆಯ ಪರವಾಗಿ ತಮಗೆ ತಲೆಬಾಗಿ ವಂದಿಸಿ ಬರೆದುಕೊಳ್ಳುವುದೇನೆಂದರೆ, ತಾವು ಕ್ಷೇಮವಾಗಿದ್ದೀರಿ ಎಂಬುದನ್ನು ಟೀವಿಯಲ್ಲಿ ತಮ್ಮ ಕೆನ್ನೆಗಳನ್ನು ನೋಡಿಯೇ ತಿಳಿದುಕೊಂಡಿದ್ದೇವೆ. ನಾವೂ ಕ್ಷೇಮವೆಂದು ಬರೆಯುವುದು ವಾಡಿಕೆ. ಆದರೆ ಕಣಿವೆಯಲ್ಲಿ ಬ್ರೆಡ್ಡಿಲ್ಲದೆ ಅಷ್ಟು ದೊಡ್ಡ ಮಾತು ಬರೆಯಲು ಕೈ ಬರುತ್ತಿಲ್ಲ, ಮನ್ನಿಸಬೇಕು.

ನಾನು ಮ್ಯೂರಿಯಲ್ ಚಾರ್ಲ್‌ಟನ್. ಈ ಕಣಿವೆಗೆಲ್ಲ ಇರುವ ಒಂದೇ ಬೇಕರಿ ನನ್ನದು. ನನ್ನದು ಎಂದರೆ ಬಾಗಿಲ ಮೇಲಿನ ಹೆಸರು ನನ್ನದು, ಗಿರಾಕಿಗಳೊಂದಿಗೆ ಹರಟೆ ನನ್ನದು. ಹಿಟ್ಟು ನಾದುವ ಕೈ ಮಾತ್ರ ನನ್ನ ಮೈದುನ ವಿಲ್ಫ್‌ನದು. ನಮ್ಮ ಹಳೆಯ ಎಣ್ಣೆ ಒಲೆ ಕಳೆದ ಶರತ್ಕಾಲದಲ್ಲಿ ಕೆಮ್ಮಿ ಕೆಮ್ಮಿ ಕಣ್ಣು ಮುಚ್ಚಿತು. ಎಣ್ಣೆ ಸುಡಬೇಡಿ, ಕರೆಂಟಿನಲ್ಲಿ ಬೇಯಿಸಿ ಎಂದು ತಮ್ಮ ಖಾತೆಯವರೇ ಮನೆಮನೆಗೆ ಹಂಚಿದ ಚಂದದ ಹಾಳೆಯನ್ನು ನಂಬಿ ನಾವು ಕರೆಂಟಿನ ಒಲೆಯನ್ನೇ ತರಿಸಿದೆವು. ಬಾಗಿಲಲ್ಲಿ ಹಿಡಿಸದೆ, ಅಂಗಡಿಯ ಮುಂದಿನ ಕಿಟಕಿಯನ್ನು ಚೌಕಟ್ಟು ಸಮೇತ ಕಿತ್ತು ಒಳಗೆ ಬರಮಾಡಿಕೊಂಡ ಆ ಮಹಾರಾಯನಿಗೆ ಬೇಕಾದಷ್ಟು ಕರೆಂಟು ನಮ್ಮ ಬೀದಿಯ ತಂತಿಯಲ್ಲಿಲ್ಲ ಎಂಬುದು ಆಮೇಲೆ ತಿಳಿಯಿತು. ದಪ್ಪ ತಂತಿ ಎಳೆಸಬೇಕು, ಅದಕ್ಕೊಂದು ಸರದಿಯಿದೆ, ನಮ್ಮ ಸರದಿ ಸುಮಾರು ಹನ್ನೆರಡು ವರ್ಷದಲ್ಲಿ ಬರುತ್ತದೆ ಎಂದು ಕರೆಂಟಿನ ಕಂಪನಿಯವರು ಬಹಳ ಮರ್ಯಾದೆಯಿಂದ ತಿಳಿಸಿದರು.

ನಮ್ಮ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲೇ ನಿಂತಿದೆ. ಗಾಳಿ ಜೋರಾಗಿ ಬೀಸಿದ ದಿನ, ಹುಟ್ಟಿದ ಕರೆಂಟನ್ನು ಹೊರಲು ತಂತಿ ಸಾಲದೆಂದು, ಅವನ್ನು ನಿಲ್ಲಿಸಿ, ನಿಂತದ್ದಕ್ಕೆ ಕೂಲಿಯನ್ನೂ ಕೊಡುತ್ತಾರೆ. ವಿಲ್ಫ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವನ್ನು ನೋಡುತ್ತಾ, "ಅತ್ತಿಗೆ, ಆ ಫ್ಯಾನೂ ಸುಮ್ನೆ ನಿಂತಿದೆ, ನಾನೂ ಸುಮ್ನೆ ಕೂತಿದೀನಿ. ಅದಕ್ಕೆ ಮಾತ್ರ ಸಂಬಳ ಬರುತ್ತೆ ನೋಡು" ಎಂದ. ಪಟ್ಟಣದ ಸೂಪರ್‌ಮಾರ್ಕೆಟ್ಟಿನವರು ಅವನನ್ನು ಕೆಲಸಕ್ಕೆ ಕರೆಯುತ್ತಿದ್ದಾರೆ. ಅವನು ಹೋದರೆ ಬೇಕರಿ ಮುಗಿಯಿತು ಎಂದೇ ತಿಳಿಯಬೇಕು. ಬನ್ ಮಾರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಮಾಡುವುದಕ್ಕೆ ಕೂತರೆ ಮಾತ್ರ ಕುರಿಗಳೂ ಮೂಸಿ ಮುಂದೆ ಹೋಗುತ್ತವೆ.

ಇಂಥ ಹೊತ್ತಿನಲ್ಲಿ ನಮ್ಮ ಸಂಸತ್ ಸದಸ್ಯರಾದ ಕತ್ಬರ್ಟ್ ಡಾಡ್ ಅವರು ಈ ಸಂಗತಿಯನ್ನು ತಮ್ಮ ಮುಂದೆ ಎತ್ತಲು ಪಣ ತೊಟ್ಟರು. ತಮಗೆ ತಿಳಿದೇ ಇದೆ, ತಮ್ಮ ಸದನದಲ್ಲಿ ಪ್ರಶ್ನೆ ಕೇಳಬೇಕೆನ್ನುವವರು ಪ್ರತಿ ಉತ್ತರ ಮುಗಿದಾಗಲೂ ಎದ್ದು ನಿಲ್ಲಬೇಕು, ಸಭಾಧ್ಯಕ್ಷರ ಕಣ್ಣು ಬೀಳದಿದ್ದರೆ ಕೂರಬೇಕು, ಮತ್ತೆ ಏಳಬೇಕು. ಡಾಡ್ ಅವರು ಕುಳ್ಳಗಿನ ಮನುಷ್ಯರು. ಚಳಿಗಾಲ ಪೂರ್ತಿ ಅವರು ಎದ್ದರು, ಕೂತರು. ನಾವು ಅಂಗಡಿಯ ಟೀವಿಯ ಮುಂದೆ ಕೂಡಿ, ಕುದುರೆ ಪಂದ್ಯ ನೋಡುವವರ ಹಾಗೆ ಕೂಗಿದೆವು. ಎದುರು ಮನೆಯ ಪೆಗ್ ರಿಡ್ಲಿ ಅಜ್ಜಿಯಂತೂ, "ಏಳಪ್ಪಾ, ಇನ್ನೂ ಒಂಚೂರು ಏಳು! ಇವ್ನು ಎದ್ದಿದಾನೋ ಕೂತಿದಾನೋ ಆ ಅಧ್ಯಕ್ಷರಿಗೆ ಹೆಂಗಪ್ಪಾ ಗೊತ್ತಾಗ್ಬೇಕು?" ಎಂದು ಗೋಳಾಡಿ, ಕಡೆಗೆ ಸಾಸಿವೆ ಹೂವಿನ ಬಣ್ಣದ ಒಂದು ಟೈ ಹೆಣೆದು ಕಳುಹಿಸಿದಳು. ಅದನ್ನು ಕಟ್ಟಿಕೊಂಡ ದಿನವೇ ಸಭಾಧ್ಯಕ್ಷರ ಕಣ್ಣು ಬಿತ್ತು.

"ಗುಡ್ಡದ ಮೇಲೆ ಕರೆಂಟು ಹುಟ್ಟುತ್ತೆ, ಗುಡ್ಡದ ಕೆಳಗೆ ಒಲೆ ತಣ್ಣಗಿದೆ. ನಡುವೆ ಒಂದು ತಂತಿ ಎಳೆಯೋದು ಯಾವಾಗ, ಸಚಿವರು ಹೇಳ್ತಾರಾ?" ಎಂದು ಅವರು ಕೇಳಿದರು. ತಾವು ಎದ್ದು, ಡಾಡ್ ಅವರಂಥ ದಣಿವರಿಯದ ಹೋರಾಟಗಾರ ಬೇರೆ ಯಾವ ಊರಿಗೂ ಸಿಕ್ಕಿಲ್ಲವೆಂದು ಹೊಗಳಿದಿರಿ. ಗಾಳಿಯ ವಿಚಾರದಲ್ಲಿ ನಮ್ಮ ದೇಶ ಜಗತ್ತಿಗೇ ಮಾದರಿ ಎಂದಿರಿ. ಉಳಿದದ್ದಕ್ಕೆ, ಸ್ವಲ್ಪ ಹೊತ್ತಿನ ಹಿಂದೆ ತಾವು ಕೊಟ್ಟ ಉತ್ತರವನ್ನೇ ನೋಡಿಕೊಳ್ಳಬೇಕೆಂದಿರಿ. ಆ ಉತ್ತರ ಕಡಲಪಾಚಿಯಿಂದ ಸಾಬೂನು ಮಾಡುವ ಕಾರ್ಖಾನೆಯ ಬಗ್ಗೆ ಇತ್ತು. ಆದರೂ ನಾವು ಅದನ್ನು ಭಕ್ತಿಯಿಂದ ಮತ್ತೆ ಹಾಕಿಕೊಂಡು ಕೇಳಿದೆವು. ಕೊನೆಗೆ ತಾವು ನಗುತ್ತಾ, "ಆ ಊರಿಗೆ ಬಂದು ಬನ್ ರುಚಿ ನೋಡೋಕೆ ನನಗೆ ಬಹಳ ಸಂತೋಷ" ಎಂದು ಹೇಳಿ ಕೂತಿರಿ.

ನಾವು ಹಳ್ಳಿಯವರು, ಬರುತ್ತೇನೆ ಎಂದವರಿಗೆ ಕುರ್ಚಿ ಒರೆಸುವುದೊಂದೇ ನಮಗೆ ಗೊತ್ತು. ಡಾಡ್ ಅವರು ಫೋನಿನಲ್ಲಿ, "ಅಯ್ಯೋ ಮ್ಯೂರಿಯಲಮ್ಮ, ಅದು ಬರ್ತೀನಿ ಅಂತಲ್ಲ! ಇಲ್ಲಿ ಎಲ್ರಿಗೂ ಹಾಗೇ ಅಂತಾರೆ. ಸಾಕು ಕೂತ್ಕೊಳಯ್ಯಾ ಅಂತ ಅದರ ತಾತ್ಪರ್ಯ" ಎಂದು ಅಂಗಲಾಚುವ ಹೊತ್ತಿಗೆ ಪೆಗ್ ಅಜ್ಜಿ ಬೀದಿಗೆಲ್ಲ ಬಣ್ಣದ ಬಾವುಟ ಕಟ್ಟಿಸಿಯಾಗಿತ್ತು, ನಮ್ಮ ಆಹ್ವಾನ ಜಿಲ್ಲೆಯ ಪತ್ರಿಕೆಯಲ್ಲಿ ತಮ್ಮ ಭಾವಚಿತ್ರದೊಂದಿಗೆ ಅಚ್ಚಾಗಿಯೂ ಆಗಿತ್ತು. ಹೀಗೆ, ಸಂತೋಷ ಎಂದ ತಪ್ಪಿಗೆ ತಾವು ಬರಲೇಬೇಕಾಯಿತು.

ಇನ್ನು ನಮ್ಮ ಕಡೆಯ ಅವಿವೇಕವನ್ನು ಹೇಳಬೇಕು. ತಮಗೆ ತೋರಿಸಬೇಕಾಗಿದ್ದದ್ದು ತಣ್ಣನೆಯ ಒಲೆ. ಆದರೆ ಅಷ್ಟು ದೂರದಿಂದ ಬಂದವರ ಮುಂದೆ ಖಾಲಿ ತಟ್ಟೆ ಇಡುವುದು ಹೇಗೆ? "ಖಾಲಿ ತಟ್ಟೆ ಇಟ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ ಕಣೇ" ಎಂದಳು ಪೆಗ್ ಅಜ್ಜಿ. ಸರಿ, ವಿಲ್ಫ್ ನಾದಿದ ಹಿಟ್ಟನ್ನು ಬೀದಿಯ ಮನೆಮನೆಗೂ ಹಂಚಿದೆವು, ಅವರವರ ಅಡುಗೆಮನೆಯಲ್ಲಿ ಬೇಯಿಸಿ ಟವೆಲಿನಲ್ಲಿ ಸುತ್ತಿ ತಂದರು. ತಾವು ಬರುವವರೆಗೆ ಬಿಸಿ ಆರದಂತೆ, ನಾಯಿಗಳ ಬಾಯಿಗೂ ಸಿಗದಂತೆ ಎಲ್ಲಿಡುವುದು? ಊರಿನಲ್ಲೇ ಅತ್ಯಂತ ದಪ್ಪ ಬಾಗಿಲಿನ ಪೆಟ್ಟಿಗೆ ನಮ್ಮಲ್ಲೇ ಇತ್ತು. ಹೊಸ ಒಲೆಯೊಳಗೆ ಇಟ್ಟೆವು.

ತಾವು ಹೇಳಿದ ಹೊತ್ತಿಗಿಂತ ಮೊದಲೇ, ಬೇಕರಿಯಲ್ಲಿ ಏನು ತಲೆಯ ಮೇಲೆ ಬೀಳುತ್ತದೋ ಎಂದು ಹೆಲ್ಮೆಟ್ಟು ತೊಟ್ಟು, ಕ್ಯಾಮರಾದವರ ಸಮೇತ ನುಗ್ಗಿ, ನಾವು ಸ್ವಾಗತ ಭಾಷಣದ ಹಾಳೆ ಹುಡುಕುತ್ತಿರುವಾಗಲೇ ಒಲೆಯ ಬಾಗಿಲನ್ನು ಸ್ವಹಸ್ತದಿಂದ ತೆರೆದಿರಿ. ಹಬೆ ಬಂತು. ಬನ್ ಕಂಡಿತು. "ಆಹಾ, ನೋಡ್ರಪ್ಪಾ, ಹೊಗೆಯಿಲ್ಲದ ಇಂಧನ ಅಂದ್ರೆ ಇದು!" ಎಂದು ಕ್ಯಾಮರಾಗಳತ್ತ ತಿರುಗಿ ಬಾಯಿ ತುಂಬಿಕೊಂಡಿರಿ. ವಿಲ್ಫ್ ನಿಜ ಹೇಳಲು ಬಾಯಿ ತೆರೆದ. ಪೆಗ್ ಅಜ್ಜಿ ಅವನ ಕಾಲು ತುಳಿದಳು. ಬಾಯಲ್ಲಿ ತುತ್ತಿಟ್ಟುಕೊಂಡಿರುವ ಅತಿಥಿಯನ್ನು ತಿದ್ದುವುದು ನಮ್ಮ ಕಡೆ ಮಹಾ ಅಸಭ್ಯತನ. ನುಂಗಿದ ಮೇಲೆ ಹೇಳೋಣವೆಂದು ಎಲ್ಲರೂ ಕೈಕಟ್ಟಿ ಕಾದೆವು. ತಾವು ಒಂದರ ಮೇಲೊಂದು ತಿನ್ನುತ್ತಲೇ ಹೋದಿರಿ, ಕಡೆಯದನ್ನು ಅಗಿಯುತ್ತಲೇ ಕಾರು ಹತ್ತಿದಿರಿ.

ಮುಂದಿನ ಪ್ರಶ್ನೋತ್ತರದಲ್ಲಿ ಡಾಡ್ ಅವರು ಮತ್ತೆ ಎದ್ದಾಗ ತಾವು, "ಸದಸ್ಯರಿಗೆ ಸ್ವಂತ ಊರಿನ ಸುದ್ದಿನೇ ಗೊತ್ತಿಲ್ಲ, ಪಾಪ. ಆ ಒಲೆಯ ಬಿಸಿ ಬನ್ ನಾನೇ ತಿಂದು ಬಂದಿದೀನಿ" ಎಂದಿರಿ. ಸದನ ಬೆಂಚು ಬಡಿದು ನಕ್ಕಿತು. ಆ ವಾರವೇ ಕಂಪನಿಯವರು, ಒಲೆ ಉರಿಯುತ್ತಿರುವುದಕ್ಕೆ ಅಭಿನಂದಿಸಿ, ನಮ್ಮ ಹೆಸರನ್ನು ಸರದಿಯಿಂದ ಸಂತೋಷವಾಗಿ ತೆಗೆದುಹಾಕಿದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಒಂದೇ ಒಂದು ತೂತಿಲ್ಲದ ಒಲೆಯನ್ನು ಬರೀ ಮಾತಿನಿಂದ ಕೆಡಿಸಿದ ಕೀರ್ತಿ ತಮ್ಮದು.

ಮಾನ್ಯರೇ, ಕಲ್ಲಿದ್ದಲಿಲ್ಲದೆ, ಎಣ್ಣೆಯಿಲ್ಲದೆ, ತಂತಿಯೂ ಇಲ್ಲದೆ ಬನ್ ಬೇಯಿಸಿದ ಇಂಧನ ಸಚಿವರು ಜಗತ್ತಿನಲ್ಲಿ ತಾವೊಬ್ಬರೇ. ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಆ ಶಾಖ ತಮ್ಮ ಹಸ್ತದಿಂದಲೇ ಹೊರಟಿದ್ದರೆ, ದಿನವೂ ಹಾಲಿನ ಗಾಡಿ ಬರುವ ಹೊತ್ತಿಗೆ ಬಂದು ಬಾಗಿಲೊಮ್ಮೆ ತೆರೆದು ಹೋಗಬೇಕು. ಅಷ್ಟು ಬಿಡುವಿಲ್ಲದಿದ್ದರೆ, ಸದನದಲ್ಲಿ ಉತ್ತರಿಸುವಾಗ ಹೊರಡುವ ಬಿಸಿ ಗಾಳಿಯನ್ನು ಒಂದು ಕೊಳವೆಯಲ್ಲಿ ಉತ್ತರಕ್ಕೆ ತಿರುಗಿಸಬೇಕು. ನಮ್ಮ ಬೇಕರಿಗೆ ಮಾತ್ರವಲ್ಲ, ಸ್ಕಾಟ್ಲೆಂಡಿಗೂ ಸಾಕಾಗುತ್ತದೆ. ಎರಡೂ ಆಗದಿದ್ದರೆ ತಿಂದ ಬನ್ನುಗಳನ್ನು ಸಾಕ್ಷಿಗಾಗಿ ಹಿಂದಿರುಗಿಸಬೇಕು. ಬಹಳ ದಿನವಾದ್ದರಿಂದ ಮೊದಲಿದ್ದ ರೂಪದಲ್ಲೇ ಬೇಕೆಂದು ನಾವು ಹಟ ಮಾಡುವುದಿಲ್ಲ.

ಇದಾವುದೂ ಬೇಡವೆಂದರೆ ಕೊನೆಯದೊಂದು ಸಣ್ಣ ಬೇಡಿಕೆ. ಬರುವ ಮಂಗಳವಾರ ಡಾಡ್ ಅವರು ಮತ್ತೆ ಏಳುತ್ತಾರೆ. ಆಗ ತಾವು, ಆ ಬನ್ನು ಆ ಒಲೆಯದಲ್ಲ ಎಂದು ಒಂದೇ ಒಂದು ಮಾತು ಹೇಳಿದರೆ ನಮ್ಮ ಸರದಿ ನಮಗೆ ಸಿಗುತ್ತದೆ. ಸೂಪರ್‌ಮಾರ್ಕೆಟ್ಟಿನವರಿಗೆ ಬುಧವಾರ ಉತ್ತರ ಹೇಳುತ್ತೇನೆಂದು ವಿಲ್ಫ್ ತಡೆದಿದ್ದಾನೆ. "ಅತ್ತಿಗೆ, ಆ ಮನುಷ್ಯ ಸದನದಲ್ಲಿ ಒಂದೇ ಒಂದು ನಿಜ ಹೇಳ್ಲಿ, ಹನ್ನೆರಡು ವರ್ಷ ಆದ್ರೂ ಮನೆಮನೆ ಒಲೆ ಬೇಡ್ಕೊಂಡು ಬ್ರೆಡ್ ಮಾಡ್ತೀನಿ, ಎಲ್ಲಿಗೂ ಹೋಗಲ್ಲ" ಎಂದಿದ್ದಾನೆ. ಅದನ್ನು ಕೇಳಿದ ಪೆಗ್ ಅಜ್ಜಿ ಮನೆಗೆ ಹೋಗಿ, ಅವನ ಪ್ರಯಾಣಕ್ಕೆಂದು ಒಂದು ಗಟ್ಟಿ ಚೀಲ ತಂದುಕೊಟ್ಟಳು. ಅಜ್ಜಿಯ ಅಂದಾಜನ್ನು ತಾವು ಸುಳ್ಳು ಮಾಡಬೇಕೆಂದು ಕೈಮುಗಿದು ಬೇಡುವ,

ತಮ್ಮ ವಿಶ್ವಾಸಿ,
ಮ್ಯೂರಿಯಲ್ ಚಾರ್ಲ್‌ಟನ್
ಬ್ಲೆಂಕ್‌ಹೋಪ್ ಬೇಕರಿ

ಮರೆತ ಮಾತು: ತಾವು ಮತ್ತೊಮ್ಮೆ ದಯಮಾಡಿಸುವುದಾದರೆ ಈ ಸಲ ನೆರೆಹೊರೆಯವರಿಗೆ ತೊಂದರೆ ಕೊಡುವುದಿಲ್ಲ, ತಮ್ಮ ಖಾತೆ ಒದಗಿಸಿರುವ ಕರೆಂಟಿನಲ್ಲಿ ಎಷ್ಟು ಬೆಂದಿದೆಯೋ ಅಷ್ಟೇ ಬೆಂದ ಬನ್ನನ್ನು ಬಡಿಸುತ್ತೇವೆ. ಬರುವಾಗ ದಯವಿಟ್ಟು ಒಂದು ಚಮಚ ತನ್ನಿ.