ಎರಡನೇ ಭಾನುವಾರದ ಪ್ರಾಸ್ಟೇಟ್ ಗೆಳೆಯರು

ಸಾಕಪ್ಪಾ ಸಾಕು, ಮುಂದಿನ ತಿಂಗಳಿಂದ ಇದನ್ನೆಲ್ಲ ಬಿಟ್ಟುಬಿಡ್ತೀನಿ ಅಂತ ಪ್ರತಿ ತಿಂಗಳೂ ಅಂದ್ಕೋತೀನಿ. ಪ್ರತಿ ತಿಂಗಳೂ ಯಾರೋ ಒಬ್ಬರು ಏನೋ ಒಂದು ಮಾಡಿ, ನನ್ನನ್ನ ನಗಿಸಿ, ಮತ್ತೆ ಅಲ್ಲೇ ಕೂರಿಸಿಬಿಡ್ತಾರೆ.

ನಾನು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿದ್ದವನು. ರಿಟೈರ್ ಆದ ಮೇಲೆ ಕಾಲು ಚಾಚಿ ಕೂರೋಣ ಅಂದ್ರೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಆಪರೇಷನ್ ಆಗಿ ನಾಲ್ಕು ವರ್ಷ ಆಯ್ತು, ಗಟ್ಟಿಯಾಗಿದೀನಿ. ಆಗ ಡಾಕ್ಟ್ರು, “ಹೊಸ ಪೇಷೆಂಟುಗಳು ನನಗಿಂತ ನಿಮ್ಮ ಮಾತು ಕೇಳ್ತಾರೆ ಸಾರ್, ಒಂಚೂರು ಧೈರ್ಯ ಹೇಳಿ” ಅಂದರು. ಆ ಒಂಚೂರು ಈಗ ನನ್ನ ಹೆಗಲೇರಿ ಕೂತಿದೆ. ತಿಂಗಳ ಎರಡನೇ ಭಾನುವಾರ ಬಸವೇಶ್ವರನಗರದ ಒಂದು ಹಾಲ್‌ನಲ್ಲಿ ಇದೇ ಕಾಯಿಲೆಯ ಗಂಡಸರು, ಅವರ ಮನೆಯವರು ಸೇರ್ತೀವಿ. ಮಿಕ್ಕ ದಿನವೆಲ್ಲ ಫೋನು.

ಬೋರ್ಡು

ಮೊದಲ ಸಲ ಬಾಗಿಲಿಗೆ ‘ಪ್ರಾಸ್ಟೇಟ್ ಕ್ಯಾನ್ಸರ್ ಬಳಗ’ ಅಂತ ಬೋರ್ಡು ಹಾಕಿದ್ದೆ. ಹಾಲ್‌ನ ಮ್ಯಾನೇಜರ್ ಓಡಿ ಬಂದ. “ಸಾರ್, ದಯವಿಟ್ಟು ತೆಗೀರಿ. ಪಕ್ಕದ ಹಾಲ್‌ನಲ್ಲಿ ನಾಮಕರಣ ಇದೆ, ಜನ ಏನಂದ್ಕೋತಾರೆ?”

ಸರಿ, ‘ಹಿರಿಯರ ಸ್ನೇಹಕೂಟ’ ಅಂತ ಬರೆದೆ. ಹಿರಿಯರೆಲ್ಲ ಬಂದರು. ಒಬ್ಬರು ಪಿಂಚಣಿ ಅರ್ಜಿ ಹಿಡ್ಕೊಂಡು, ಇನ್ನೊಬ್ಬರು ಭಜನೆ ಅಂದ್ಕೊಂಡು ತಾಳ ಹಿಡ್ಕೊಂಡು. ಮೂರನೆಯವರು ಮಾತ್ರ ಒಂದೂವರೆ ಗಂಟೆ ಅಲುಗಾಡದೆ ಕೂತು, ರೇಡಿಯೇಷನ್ ಬಗ್ಗೆ ಒಳ್ಳೊಳ್ಳೆ ಪ್ರಶ್ನೆ ಕೇಳಿ, ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಂಡರು. ಹೊರಡುವಾಗ, ಪಾಪ, ನಾನು ಅವರ ಕೈ ಹಿಡಿದು, “ಧೈರ್ಯವಾಗಿರಿ, ನಾವಿದ್ದೀವಿ” ಅಂದೆ.

“ನನಗೇನೂ ಇಲ್ಲ ಸಾರ್, ಕಲ್ಲುಗುಂಡು ಇದ್ದಂಗಿದೀನಿ” ಅಂದರು. “ಮನೇಲಿ ಮಗಳು ಮೊಮ್ಮಕ್ಕಳು ಬಂದಿದಾರೆ. ಒಂದು ಗಂಟೆ ಎಲ್ಲಾದ್ರೂ ನೆಮ್ಮದಿಯಾಗಿ ಕೂರಬೇಕಿತ್ತು.”

ಸ್ನೇಹಿತರ ಪರವಾಗಿ

ಫೋನ್ ಮಾಡೋ ಗಂಡಸರಲ್ಲಿ ಯಾರಿಗೂ ಕಾಯಿಲೆ ಇರಲ್ಲ. ಎಲ್ಲರಿಗೂ ಒಬ್ಬೊಬ್ಬ ಸ್ನೇಹಿತ ಇರ್ತಾನೆ. ನಾನೂ ಬಿಡಿಸಿ ಕೇಳಲ್ಲ, ಸ್ನೇಹಿತನಿಗೇ ಉತ್ತರ ಹೇಳ್ತೀನಿ.

ಮಾರೇನಹಳ್ಳಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರೋರೊಬ್ಬರು ಮೇ ತಿಂಗಳಲ್ಲಿ ಹೀಗೇ ಫೋನ್ ಮಾಡಿದರು. “ನನ್ನ ಸ್ನೇಹಿತರಿಗೆ ಸಾರ್, ಬಯಾಪ್ಸಿ ಮಾಡಿದಾರೆ. ಇನ್ನೂ ಗ್ರಂಥಿಯಿಂದ ಆಚೆ ಹೋಗಿಲ್ಲವಂತೆ. ಆದ್ರೆ ಸ್ವಲ್ಪ ಜೋರಿನ ಜಾತಿಯದು, ಬೇಗ ತೆಗೆಸಿಬಿಡಿ ಅಂದಿದಾರೆ.”

“ಡಾಕ್ಟ್ರು ಸರಿಯಾಗೇ ಹೇಳಿದಾರೆ. ನಿಮ್ಮ ಸ್ನೇಹಿತರು ಮೂತ್ರಕ್ಕೆ ಎಷ್ಟು ಸಲ ಏಳ್ತಾರೆ?”

“ಲೆಕ್ಕ ಇಲ್ಲ ಸಾರ್, ಗಂಟೆಗೊಂದು ಸಲ... ತಡೀರಿ, ಒಂದ್ನಿಮಿಷ ಹೋಗಿ ಬಂದ್ಬಿಡ್ತೀನಿ.”

ಬಿಗಿ, ಬಿಡು

ಆಪರೇಷನ್ ಆದ ಮೇಲೆ ಕೆಲವು ತಿಂಗಳು ಮೂತ್ರ ಹಿಡಿತಕ್ಕೆ ಬರಲ್ಲ. ಅದಕ್ಕೊಂದು ವ್ಯಾಯಾಮ ಇದೆ. ಕುರ್ಚಿ ಮೇಲೆ ಕೂತು ಒಳಗಿನ ಸ್ನಾಯು ಬಿಗಿ ಹಿಡಿಯೋದು, ಹತ್ತು ಎಣಿಸಿ ಬಿಡೋದು. ಹೊರಗಿಂದ ನೋಡೋರಿಗೆ ಏನೂ ಕಾಣಲ್ಲ. ಹದಿನಾಲ್ಕು ಜನ ಕಣ್ಣು ಮುಚ್ಚಿ, ಗಪ್‌ಚುಪ್ ಕೂತಿರ್ತೀವಿ.

ಒಂದು ಸಲ ಕಣ್ಣು ಬಿಟ್ಟು ನೋಡಿದರೆ ಹಾಲ್‌ನ ವಾಚ್‌ಮನ್ ಚಪ್ಪಲಿ ಬಿಟ್ಟು ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕೈ ಮುಗಿದು ಕೂತಿದಾನೆ. ಎಬ್ಬಿಸೋಕೆ ಮನಸ್ಸಾಗಲಿಲ್ಲ. ಆಮೇಲೆ ಬಂದು, “ಯಾವ ಗುರುಗಳು ಸಾರ್ ಇದನ್ನ ಹೇಳ್ಕೊಟ್ಟಿದ್ದು? ಎಲ್ರ ಮುಖದಲ್ಲೂ ಏನ್ ಕಳೆ!” ಅಂದ.

ಹೆಂಡತಿಯ ಸಹಾಯ

ಆಪರೇಷನ್ ಆದ ಹೊಸತರಲ್ಲಿ ನನಗೂ ದೊಡ್ಡವರ ಡಯಾಪರ್ ಬೇಕಾಗಿತ್ತು. ನಮ್ಮ ಬೀದಿಯ ಮೆಡಿಕಲ್ ಸ್ಟೋರ್‌ನಲ್ಲಿ ಕೇಳೋಕೆ ನಾಚಿಕೆಯಾಗಿ, ಹೊಸಹಳ್ಳಿವರೆಗೂ ಹೆಂಡತಿ ಜೊತೆ ಹೋದೆ. ನಾನು ರಸ್ತೆಯ ಈಚೆ ಬದಿ, ಏನೂ ಗೊತ್ತಿಲ್ಲದವನ ಹಾಗೆ ಬಾಳೆಹಣ್ಣು ನೋಡ್ತಾ ನಿಂತೆ. ಅವಳು ಒಬ್ಬಳೇ ಅಂಗಡಿಗೆ ಹೋದಳು. ಹೋದವಳು ಐದು ನಿಮಿಷಕ್ಕೆ ತಿರುಗಿ, ಬಸ್ಸು ಆಟೋ ಎಲ್ಲದರ ಸದ್ದು ಮೀರಿ ಕೂಗಿದಳು: “ರೀ! ಸೊಂಟ ಎಷ್ಟು ನಿಮ್ದು? ಎಕ್ಸ್‌ಎಲ್ ಸಾಕಾ ಅಂತ ಕೇಳ್ತಿದಾರೆ!”

ಬಾಳೆಹಣ್ಣಿನವಳು ನನ್ನನ್ನ ಮೇಲಿಂದ ಕೆಳಗೆ ನೋಡಿ, ತಾನೇ ಉತ್ತರ ಕೂಗಿದಳು: “ಸಾಲಲ್ಲಮ್ಮಾ, ಡಬಲ್ ತಗೋ!”

ಒಳ್ಳೆ ದಿನ

ಪಾತ್ರೆ ಅಂಗಡಿಯವರು ಜೂನ್‌ನಿಂದ ಸಭೆಗೆ ಬರೋಕೆ ಶುರು ಮಾಡಿದರು. ಸ್ನೇಹಿತರ ಕಥೆ ಮೊದಲ ದಿನವೇ ಮುಗೀತು. ಆದರೆ ಆಪರೇಷನ್ ಅಂದ್ರೆ ಮಾತ್ರ ಜಾರಿಕೊಳ್ಳೋರು. “ಆಷಾಢದಲ್ಲಿ ಮೈಗೆ ಕತ್ತಿ ಹಾಕಿಸ್ಕೊಳ್ಳೋದಾ? ಶ್ರಾವಣ ಬರಲಿ ಸಾರ್. ಇಲ್ಲಾಂದ್ರೆ ಹಬ್ಬ ಎಲ್ಲಾ ಮುಗೀಲಿ.”

ನನಗೆ ಸಂಕಟ ಆಗೋದು. ಹಿಂದೆ ನಮ್ಮ ಬಳಗದಲ್ಲೇ ಒಬ್ಬರು ಹೀಗೇ ನಾಳೆ ನಾಡಿದ್ದು ಅಂತ ತಳ್ಳಿ, ಕಾಯಿಲೆ ಮೂಳೆಗೆ ಹರಡಿತ್ತು. ಅವರ ಮಂಚದ ಪಕ್ಕ ಕೂತು, ಹೇಳೋಕೆ ಒಂದು ಮಾತೂ ಸಿಗದೆ ಎದ್ದು ಬಂದಿದ್ದೆ. ಇನ್ನೊಮ್ಮೆ ಹಾಗೆ ಕೂರೋ ಶಕ್ತಿ ನನಗಿಲ್ಲ.

ಕೊನೆಗೆ ಅವರನ್ನ ಕರ್ಕೊಂಡು ಅವರ ಮನೆತನದ ಶಾಸ್ತ್ರಿಗಳ ಹತ್ರವೇ ಹೋದೆ. “ಆಷಾಢದಲ್ಲಿ ಆಪರೇಷನ್ ಆಗುತ್ತಾ ನೋಡಿ, ಸ್ವಾಮಿ.”

ಶಾಸ್ತ್ರಿಗಳು ಪಂಚಾಂಗ ತೆಗೀಲಿಲ್ಲ, ಅಂಗಿ ಗುಂಡಿ ತೆಗೆದು ಎದೆ ಮೇಲಿನ ಉದ್ದ ಗಾಯದ ಗುರುತು ತೋರಿಸಿದರು. “ಹೋದ ವರ್ಷ ಆಷಾಢದ ಅಮಾವಾಸ್ಯೆ ದಿನ ನನಗೆ ಬೈಪಾಸ್ ಆಯ್ತು. ಅವತ್ತು ಡಾಕ್ಟ್ರು ಪುರುಸೊತ್ತಾಗಿದ್ರು.”

ಬೀಗರು

ಶಾಸ್ತ್ರಿಗಳ ಮನೆ ಮೆಟ್ಟಿಲಿಳೀತಾ ಪಾತ್ರೆ ಅಂಗಡಿಯವರು ನಿಜ ಬಿಚ್ಚಿದರು. ಮಗಳಿಗೆ ಸಂಬಂಧ ಗೊತ್ತಾಗಿದೆ. ಗಂಡಿನ ಕಡೆಯವರು ದಾವಣಗೆರೆಯವರು, ಈಗ ರಾಜಾಜಿನಗರದಲ್ಲಿದಾರೆ, ಬಲು ಮರ್ಯಾದಸ್ಥರು. ಮದುವೆ ಕಾರ್ತಿಕದಲ್ಲಿ. “ಕ್ಯಾನ್ಸರ್ ಅಂತ ಗೊತ್ತಾದ್ರೆ ಸಂಬಂಧ ಮುರ್ಕೋತಾರೆ ಸಾರ್. ನನ್ನ ಹೆಂಡ್ತಿ ಬಿಟ್ಟು ಯಾರಿಗೂ ಹೇಳಿಲ್ಲ. ಮದುವೆ ಆಗಲಿ, ಆಮೇಲೆ ನನಗೇನಾದ್ರೂ ಆಗಲಿ” ಅಂದು ಕಣ್ಣೊರೆಸ್ಕೊಂಡರು.

ಮುಂದಿನ ಎರಡನೇ ಭಾನುವಾರ. ಡಾಕ್ಟ್ರು ಕಳಿಸಿದ ಹೊಸಬರೊಬ್ಬರು ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಫೈಲು. ಬಂದವರೇ ಬಾತ್‌ರೂಮ್ ಎಲ್ಲಿ ಅಂದರು, ತೋರಿಸಿದೆ. ಬಾಗಿಲು ಹಾಕಿತ್ತು, ಕಾದು ನಿಂತರು. ಬಾಗಿಲು ತೆಗೆದು ಹೊರಗೆ ಬಂದದ್ದು ನಮ್ಮ ಪಾತ್ರೆ ಅಂಗಡಿಯವರು.

“ಶರಣ್ರೀ ಬೀಗರೇ... ನೀವಿಲ್ಲಿ?” ಅಂದರು ಹೊಸಬರು.

“ಹೀಗೇ... ಯೋಗ ಹೇಳ್ಕೊಡ್ತಾರೆ ಅಂದ್ರು.”

“ನಾನೂ ಅದಕ್ಕೇ ಬಂದೆ ನೋಡ್ರಿ” ಅಂದು ಹೊಸಬರು ಫೈಲನ್ನ ಬೆನ್ನ ಹಿಂದೆ ಮುಚ್ಚಿಕೊಂಡರು.

ಓಡಿಹೋಗೋಕೂ ಆಗದೆ ಇಬ್ಬರೂ ಬಂದು ಕೂತರು. ನಮ್ಮಲ್ಲಿ ಪದ್ಧತಿ, ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ರಕ್ತಪರೀಕ್ಷೆಯ ಪಿಎಸ್‌ಎ ಎಷ್ಟು ಅಂತ ಹೇಳಬೇಕು. ಅಂಕಿ ದೊಡ್ಡದಾದಷ್ಟೂ ಎದೆ ಡವಡವ. ಸರದಿ ಬಂದಾಗ ಪಾತ್ರೆ ಅಂಗಡಿಯವರ ಹಣೆ ಮೇಲೆ ಬೆವರು. “ಇಷ್ಟ ಇಲ್ಲದಿದ್ರೆ ಬಿಡಿ” ಅಂದೆ. ಅವರು ಎದ್ದು ನಿಂತು, ಬೀಗರ ಕಡೆ ತಿರುಗಿ ಕೈ ಮುಗಿದರು.

“ನನಗೆ ಹದಿನೆಂಟು, ಬೀಗರೇ. ಮುಚ್ಚಿಟ್ಟಿದ್ದು ನನ್ನ ತಪ್ಪು. ಇದರಲ್ಲಿ ಮಗಳ ತಪ್ಪೇನಿಲ್ಲ, ಅವಳಿಗೆ ಗೊತ್ತೂ ಇಲ್ಲ. ಈ ಸಂಬಂಧ ಬೇಡ ಅಂದ್ರೂ ನಿಮ್ಮನ್ನ ಬೈಯಲ್ಲ.”

ಬೀಗರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕ್ಕೊಂಡು, ಬೆನ್ನ ಹಿಂದಿನ ಫೈಲನ್ನ ತೊಡೆ ಮೇಲಿಟ್ಟರು. “ನನಗ ಇಪ್ಪತ್ನಾಲ್ಕು ಐತ್ರಿ. ನಿಮಗ ಗೊತ್ತಾದ್ರ ಹೆಣ್ಣು ಕೊಡಂಗಿಲ್ಲ ಅಂತ ನಾನೂ ಮದುವಿ ಆದಮ್ಯಾಲ ಆಪರೇಷನ್ ಅಂತ ಕುಂತಿದ್ದೆ.”

ಪಾತ್ರೆ ಅಂಗಡಿಯವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಇದರಲ್ಲೂ ಗಂಡಿನ ಕಡೆಯವರದ್ದೇ ಒಂದು ಕೈ ಮೇಲೆ!” ಅಂದರು. ಬಿದ್ದು ಬಿದ್ದು ನಕ್ಕೆವು. ನಾನು ನಗ್ತಾ ಅತ್ತೂ ಬಿಟ್ಟೆ.

ಅಲ್ಲಿಂದಲೇ ಡಾಕ್ಟ್ರಿಗೆ ಫೋನ್ ಮಾಡಿದೆ. ಮಂಗಳವಾರ ಒಬ್ಬರಿಗೆ, ಗುರುವಾರ ಒಬ್ಬರಿಗೆ ಅಂದರು. ಶುರುವಾಯ್ತು ನೋಡಿ! “ಗಂಡಿನ ಕಡೆಯವರು ಮೊದಲು.” “ಛೇ ಛೇ, ಹೆಣ್ಣು ಕೊಡೋರು ನೀವು, ನೀವೇ ಮೊದಲ್ರೀ.” ಮುಕ್ಕಾಲು ಗಂಟೆ ಇದೇ ಆಯ್ತು. ರೇಗಿ ನಾನೇ ಮಂಗಳವಾರಕ್ಕೆ ಪಾತ್ರೆ ಅಂಗಡಿಯವರ ಹೆಸರು ಬರೆಸಿದೆ.

ಆಪರೇಷನ್ ಚೆನ್ನಾಗಾಯ್ತು. ಎಲ್ಲಾ ಒಳಗೇ ಇತ್ತು, ಪೂರ್ತಿ ತೆಗೆದಿದೀವಿ ಅಂದರು ಡಾಕ್ಟ್ರು. ಬುಧವಾರ ಸಂಜೆ ನೋಡೋಕೆ ಹೋದರೆ ಹಾಸಿಗೆ ಖಾಲಿ. ನೋಡಿದರೆ ವಾರ್ಡಿನ ಬಾಗಿಲಲ್ಲಿ ಒಂದು ಕೈಲಿ ಮೂತ್ರದ ಚೀಲ ಹಿಡ್ಕೊಂಡು, ಇನ್ನೊಂದು ಕೈಲಿ ಹೆಂಡತಿ ಹೆಗಲು ಹಿಡ್ಕೊಂಡು ನಿಂತಿದಾರೆ. ಕಾರಿಡಾರ್‌ನ ಆ ತುದಿಯಿಂದ ಬೀಗರು ಸಂಸಾರ ಸಮೇತ ಅಡ್ಮಿಟ್ ಆಗೋಕೆ ಬರ್ತಿದಾರೆ.

ನರ್ಸಮ್ಮ ಕಿರುಚಿದಳು. “ಅಂಕಲ್, ಯಾರು ಹೇಳಿದ್ರು ಇಲ್ಲಿವರೆಗೂ ಬರೋಕೆ? ಹೋಗಿ ಮಲಕ್ಕೊಳ್ಳಿ!”

“ತಡಿಯಮ್ಮಾ” ಅಂದರು ಪಾತ್ರೆ ಅಂಗಡಿಯವರು, ಚೀಲ ಸರಿಯಾಗಿ ಎತ್ತಿ ಹಿಡ್ಕೋತಾ. “ಗಂಡಿನ ಕಡೆಯವರು ಬರ್ತಿದಾರೆ. ಎದುರುಗೊಳ್ಳದೆ ಮಲಗಿದ್ರೆ ಏನಂದ್ಕೋತಾರೆ?”